ಸ್ಪ್ರಿಂಗಿಲ್ಲದ ಚಾಕು

“ನಿನ್ನ ಕೈಗೆ ಹುಳ ಬೀಳ್ಲಿ! ಒಂಬತ್ತು ವರ್ಷ ನನ್ನ ಮನಿ ರೊಟ್ಟಿ ತಿಂದಿ, ಕಡೀಕ ಅವರ ಕುತಿಗಿಗೇ ಚಾಕು ಹಾಕಿದ್ಯಲ್ಲೋ!”

“ಅಕ್ಕಾರ, ಬಾಯಿ ಬಿಗಿ ಹಿಡದು ಮಾತಾಡ್ರಿ. ಮಾಸ್ತರನ್ನ ನಾ ಯಾಕ...”

“ಮೊನ್ನಿ ಸೋಮವಾರ ರಾಣೆಬೆನ್ನೂರ ಬಸ್‌ಸ್ಟ್ಯಾಂಡಿನ್ಯಾಗ ಏನು ಒದರಿದಿ? ಇದಽ ಚಾಕು ನಿನ್ನ ಹೊಟ್ಟ್ಯಾಗ ಇಳಸ್ತೇನಿ ಅನ್ನಲಿಲ್ಲ? ನಾ ಅಲ್ಲೇ ನಿಂತಿದ್ದಿಲ್ಲ? ಕಬ್ಬಿನಹಾಲಿನಾಂವ ಕೇಳಿಲ್ಲ?”

“ಅಂದೇನಿ. ಸಿಟ್ಟಿನ್ಯಾಗ ಅಂದೇನಿ. ಅಂದದ್ದೆಲ್ಲಾ ಮಾಡಿದ್ರ ಜಿಲ್ಲಾದಾಗ ಒಂದು ಗಂಡಸು ಉಳೀತಿದ್ದಿಲ್ಲ.”

“ಕೇಳ್ರಿ ಸಾಹೇಬ್ರ! ತಾನಽ ಒಪ್ಕೊಂಡ! ಕೇಳ್ರಿ!”

ಸಾಹೇಬರು ಕೇಳಿಸಿಕೊಂಡರು. 2006ರ ಫೆಬ್ರುವರಿ 8, ಬುಧವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ. ಬ್ಯಾಡಗಿಯ ಮೆಣಸಿನಪೇಟೆ ಠಾಣೆಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ಎದೆ ಬಡಿದುಕೊಳ್ಳುತ್ತಿದ್ದಳು. ಎದುರಿಗೆ ಐವತ್ತೈದು ವರ್ಷದ ಗಟ್ಟಿ ಆಳೊಬ್ಬ ಹೆಗಲ ಮೇಲಿನ ಟವೆಲ್ಲು ಹಿಂಡುತ್ತ ನಿಂತಿದ್ದ. ಸಬ್ ಇನ್‌ಸ್ಪೆಕ್ಟರ್ ರುದ್ರಮುನಿ ಆಗಷ್ಟೇ ಹೆಣ ನೋಡಿ ಬಂದಿದ್ದರು. ಚಹಾ ಆಗಿರಲಿಲ್ಲ. ಮೂಗಿನ ತುಂಬ ಮೆಣಸಿನಕಾಯಿ ಘಾಟು ಕೂತಿತ್ತು. ಚಹಾ ಕುಡಿದಿದ್ದರೂ ಆ ಮನುಷ್ಯನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂಬುದು ಠಾಣೆಯ ಗೋಡೆಗೂ ಗೊತ್ತಿದ್ದ ಮಾತು.

“ಯಾರಿವಾ?” ಎಂದು ಹವಾಲ್ದಾರನನ್ನು ಕೇಳಿದರು.

“ಮಾನಪ್ಪ ಕಮ್ಮಾರ ಅಂತ್ರಿ, ಹಲಗೇರಿಯಾಂವ. ಸುದ್ದಿ ಕೇಳಿ ತಾನಽ ಬಂದಾನ,” ಎಂದ ಹವಾಲ್ದಾರ ಅಂದಾನೆಪ್ಪ. ತಡೆದು, ದನಿ ಇಳಿಸಿ, “ಚಾಕುವಿನ ಮ್ಯಾಲ ಇದ್ದ ಹೆಸರು ಇವಂದಽ ರೀ,” ಎಂದ.

ರುದ್ರಮುನಿ ಆ ಆಳನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. “ಒಳಗ ಕುಂದ್ರಸು,” ಎಂದರು.

ಆದದ್ದು ಇಷ್ಟು. ಕೋಲ್ಡ್ ಸ್ಟೋರೇಜುಗಳ ಹಿಂದೆ ತಗಡಿನ ಹಳೇ ವಖಾರ, ಅಂದರೆ ಗೋದಾಮು, ಒಂದಿದೆ. ಪೇಟೆಯಲ್ಲಿ ಟೆಂಡರ್, ಅಂದರೆ ಮಾಲಿನ ಹರಾಜು, ಇಲ್ಲದ ದಿನ ಅಲ್ಲಿ ಯಾರೂ ಇರುವುದಿಲ್ಲ. ಬುಧವಾರ ಬೆಳಿಗ್ಗೆ ಏಳೂಕಾಲಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಮೆಹಬೂಬಿ ಚೀಲ ಒಯ್ಯಲು ಬಂದವಳು, ಒಟ್ಟಿದ ಖಾಲಿ ಚೀಲಗಳ ಹಿಂದೆ ಮನುಷ್ಯನ ಚಪ್ಪಲಿ ಕಂಡು ಬಗ್ಗಿ ನೋಡಿದಳು. ಚಪ್ಪಲಿಯೊಳಗೆ ಕಾಲಿತ್ತು. ಠಾಣೆಯವರು 7 ಗಂಟೆ 40ಕ್ಕೆ ಅಲ್ಲಿಗೆ ಮುಟ್ಟಿದರು. 8-05ರಿಂದ 9-40ರವರೆಗೆ ಪಂಚರ ಸಮಕ್ಷಮ ಶವ ಪಂಚನಾಮೆ ನಡೆಯಿತು. ಗಂಡಸು, ವಯಸ್ಸು ಸುಮಾರು ಅರವತ್ತು, ಬಿಳಿ ಅಂಗಿ. ಹೊಟ್ಟೆಯ ಮೇಲೆ ಆಳವಿಲ್ಲದ ಎರಡು ಗಾಯ, ಎಡಗಿವಿಯ ಕೆಳಗೆ ಆಳದ ಒಂದು ಗಾಯ. ರಕ್ತ ಒಣಗಿ ಕಪ್ಪಾಗಿತ್ತು. ಹಿಂದಿನ ದಿನದ ಕೊಲೆ.

ಪಕ್ಕದಲ್ಲೇ ಚಾಕು ಬಿದ್ದಿತ್ತು, ಅರ್ಧ ಮಡಚಿದ ಸ್ಥಿತಿಯಲ್ಲಿ. ಎಮ್ಮೆಕೊಂಬಿನ ಹಿಡಿ, ತಾಮ್ರದ ಮೊಳೆ, ವೀಳ್ಯದೆಲೆಯನ್ನು ಉದ್ದಕ್ಕೆ ಸೀಳಿದಂಥ ಅಲಗು. ಅಲಗಿನ ಬುಡದಲ್ಲಿ ಅಕ್ಷರ ಕೊರೆದಿತ್ತು: ‘ಮಾನಪ್ಪ, ಹಲಗೇರಿ, 2006’. ಕೊಲೆಗಾರ ವಿಳಾಸ ಬರೆದಿಟ್ಟು ಹೋದ ಕೇಸು ರುದ್ರಮುನಿಯ ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು. ಸತ್ತವನ ಕಿಸೆಯಲ್ಲಿದ್ದ ಡೈರಿಯ ಪುಟಪುಟಕ್ಕೂ ಚಾಕುಗಳ ಚಿತ್ರಗಳಿದ್ದವು, ಕೊನೆಯ ಪುಟದಲ್ಲಿ ಹಾವೇರಿಯ ಒಂದು ಫೋನ್ ನಂಬರ್. ಫೋನ್ ಮಾಡಿದಾಗ ಎತ್ತಿದವಳು ಜಯವ್ವ, ಈಗ ಕಟ್ಟೆಯ ಮೇಲೆ ಎದೆ ಬಡಿದುಕೊಳ್ಳುತ್ತಿದ್ದ ಹೆಂಗಸು. ಗಂಡ ಕೊಟ್ರಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರು, ಮಂಗಳವಾರ ಬೆಳಿಗ್ಗೆ ಬ್ಯಾಡಗಿಗೆ ಹೋಗಿ ಬರುತ್ತೇನೆಂದು ಹೊರಟವರು ತಿರುಗಿ ಬಂದಿರಲಿಲ್ಲ.

ಜಯವ್ವನ ಫಿರ್ಯಾದಿಯ ಮೇಲೆ 11-50ಕ್ಕೆ ಎಫ್.ಐ.ಆರ್. ಆಯಿತು. ಅಪರಾಧ ಸಂಖ್ಯೆ 14/2006, ಭಾ.ದಂ.ಸಂ. ಕಲಂ 302. ಆರೋಪಿ ಕಾಲಮ್ಮಿನಲ್ಲಿ ಅಂದಾನೆಪ್ಪ ಒಂದೇ ಹೆಸರು ಬರೆದ.

ಊಟಕ್ಕೂ ಏಳದೆ ರುದ್ರಮುನಿ ಕೋಣೆಯ ಬಾಗಿಲು ಹಾಕಿಸಿದರು. ಚಾಕು ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು.

“ಯಾರದು?”

“ನಾ ಮಾಡಿದ್ದು.”

“ಮಾಡಿ ಹೆಸರೂ ಬರದಿ. ಶೋಕಿ ಏನು?”

“ನಾ ಬ್ಯಾಡಂದೆ. ಮಾಸ್ತರು ಕೇಳಲಿಲ್ಲ. ಜಗಳ ಆಗಿದ್ದೇ ಅದಕ್ಕ.”

“ಹೆಸರು ಬರಿಯೋದಕ್ಕ ಯಾರರ ಜಗಳ ಆಡ್ತಾರೇನೋ?”

ಮಾನಪ್ಪ ಹೇಳತೊಡಗಿದ. ಅವನದು ನಿಧಾನದ ಮಾತು. ಹಳೇ ಮನೆಗಳಲ್ಲಿ, ವಾಡೆಗಳಲ್ಲಿ, ಮಠಗಳಲ್ಲಿ ನೂರು ಇನ್ನೂರು ವರ್ಷದ ಮಡಚುವ ಚಾಕುಗಳಿರುತ್ತವೆ. ಕುಲಕರ್ಣಿಗಳು ಲೇಖನಿ ಕೊರೆಯುತ್ತಿದ್ದಂಥವು, ಅಡಿಕೆ ಹೋಳು ಮಾಡುತ್ತಿದ್ದಂಥವು. ಮಾಸ್ತರು ಅವನ್ನು ನೂಲಿಟ್ಟು ಅಳೆದು ಚಿತ್ರ ಬರೆಯುತ್ತಿದ್ದರು. ಅಳತೆ ನೋಡಿ ಮಾನಪ್ಪ ಕುಲುಮೆಯಲ್ಲಿ ಅಂಥದೇ ಮಾಡುತ್ತಿದ್ದ. ಕಬ್ಬಿಣವೂ ಹಳೇ ಬಂಡಿಗಾಲಿಯ ಪಟ್ಟಿಯದೇ ಆಗಬೇಕು. ಮಷೀನು ಮುಟ್ಟುವಂತಿಲ್ಲ. ಆ ಕಾಲದಲ್ಲಿ ಸ್ಪ್ರಿಂಗು ಇರಲಿಲ್ಲವಾದ್ದರಿಂದ ಇವರೂ ಹಾಕುವಂತಿಲ್ಲ. ಒಂದು ಅರದ ಗೀರು ಹೆಚ್ಚಾದರೂ ಮಾಸ್ತರು ಚಾಕು ತಿರುಗಿ ಕೊಡುತ್ತಿದ್ದರು. ಇಷ್ಟೆಲ್ಲ ಹೋಲಿಸಿ ಮಾಡಿದ ಮೇಲೆ, ಯಾರೂ ಹಳೇದೆಂದು ಮಾರಿ ಮೋಸ ಮಾಡಬಾರದೆಂದು ಬುಡದಲ್ಲಿ ಮಾಡಿದವನ ಹೆಸರು, ಇಸವಿ ಕೊರೆಯಲೇಬೇಕು. ಅದು ಮಾಸ್ತರ ನೇಮ.

“ಪುರಾಣ ಸಾಕು. ಮಂಗಳವಾರ ಎಲ್ಲಿದ್ದಿ?”

“ಕುಲುಮ್ಯಾಗ.”

“ಯಾರು ನೋಡ್ಯಾರ?”

“ಕುಲುಮಿಗೆ ಈಗ ಯಾರು ಬರ್ತಾರ್ರೀ?”

“ಅಂದ್ರ ಯಾರೂ ನೋಡಿಲ್ಲ. ಬೆಳಿಗ್ಗೆ ಬಸ್ ಹತ್ತಿ ಬ್ಯಾಡಗಿಗೆ ಬಂದಿ. ಮಾಸ್ತರನ್ನ ವಖಾರಕ್ಕ ಕರದಿ. ಬಸ್‌ಸ್ಟ್ಯಾಂಡಿನ್ಯಾಗ ಅಂದದ್ದನ್ನ ಮಾಡಿದಿ. ಹೌದಿಲ್ಲೋ?”

ಮಾನಪ್ಪ ಪ್ಲಾಸ್ಟಿಕ್ ಚೀಲವನ್ನೇ ನೋಡುತ್ತ ಕೂತಿದ್ದ. ತನ್ನ ಕೆಲಸದ ಮೇಲೆ ಒಣಗಿದ ರಕ್ತ ನೋಡುವುದು ಅವನಿಗೂ ಮೊದಲ ಸಲವೇ.

“ಸಾಹೇಬ್ರ, ಇದರಲೇ ತಿವಿಯಾಕ ಬರಾಂಗಿಲ್ಲ್ರಿ,” ಎಂದ. “ಸ್ಪ್ರಿಂಗ್ ಇಲ್ಲ ನೋಡ್ರಿ. ಕೊಯ್ಯಾಕಷ್ಟ ಇದು. ತಿವಿದ್ರ ಅಲಗು ತಿರುಗಿ ಮಡಚಿ ತಿವಿದವನ ಬೆರಳಽ ಕೊಯ್ತೈತಿ. ಗೊತ್ತಿಲ್ಲದಾಂವ ಹಿಂಗ ಮಾಡ್ತಾನ. ಮಾಡಿದವಗ ಅಷ್ಟೂ ತಿಳಿಯಾಂಗಿಲ್ಲೇನ್ರಿ? ಬೇಕಾದ್ರ ನನ್ನ ಕೈ ನೋಡ್ರಿ.”

ಬಲಗೈಯನ್ನು ಮೇಜಿನ ಮೇಲೆ ಅಂಗಾತ ಚಾಚಿದ. ನಲವತ್ತು ವರ್ಷ ಬೆಂಕಿ, ಸುತ್ತಿಗೆ ಹಿಡಿದ ಕೈ. ಅಂಗೈ ಎತ್ತಿನ ಗೊರಸಿನಂತೆ ಗಡುಸಾಗಿತ್ತು. ಬೆರಳ ತುದಿಗಳು ಮಾತ್ರ ಸೂಜಿ ಹಿಡಿಯುವವನ ಹಾಗೆ ಸಣ್ಣಗೆ, ಚೊಕ್ಕವಾಗಿದ್ದವು.

ರುದ್ರಮುನಿಗೆ ಕಂಡದ್ದು ಕೈಯಲ್ಲ, ಸೊಕ್ಕು. ಕಮ್ಮಾರನೊಬ್ಬ ಪೊಲೀಸರಿಗೆ ಪಾಠ ಹೇಳುತ್ತಾನೆ, ಅದೂ ಮೇಜಿನ ಮೇಲೆ ಕೈಯಿಟ್ಟು. ಗೋಡೆಗೆ ಒರಗಿಸಿದ್ದ ಲಾಠಿ ಯಾವಾಗ ಕೈಗೆ ಬಂತೋ ಅವರಿಗೇ ತಿಳಿಯಲಿಲ್ಲ. ಎರಡೇ ಏಟು. ಎರಡನೆಯದಕ್ಕೆ ಕಬ್ಬು ಮುರಿದಂಥ ಸಪ್ಪಳ ಬಂತು.

ಮಾನಪ್ಪ ಒದರಲಿಲ್ಲ. ಬಾಯಿ ತೆರೆದು, ಉಸಿರು ಒಳಗೆಳೆದುಕೊಂಡು, ಹಾಗೇ ಬಗ್ಗಿದ.

“ಸಾಕ್ರಿ ಸಾಹೇಬ್ರ,” ಎಂದ ಅಂದಾನೆಪ್ಪ. “ಸಾಕ್ರಿ.”

ಮಧ್ಯಾಹ್ನ 1 ಗಂಟೆ 20 ನಿಮಿಷ. ಈ ವೇಳೆಯನ್ನು ಸ್ಟೇಶನ್ ಡೈರಿಯಲ್ಲಿ ಯಾರೂ ನಮೂದಿಸಲಿಲ್ಲ.

ನಾಲ್ಕು ಗಂಟೆಗೆ ಮರಣೋತ್ತರ ಪರೀಕ್ಷೆ ಮುಗಿಸಿ ಡಾಕ್ಟರು ರುದ್ರಮುನಿಯನ್ನು ಒಳಗೆ ಕರೆದರು. ಅಭಿಪ್ರಾಯಕ್ಕೆಂದು ಕಳಿಸಿದ್ದ ಚಾಕು ಅವರ ಮುಂದಿತ್ತು. ಬೇರೆ ಊರಿನ ಮನುಷ್ಯ, ಹೆಚ್ಚು ಮಾತಿಲ್ಲ.

“ಹೊಟ್ಟೆ ಮೇಲಿನ ಎರಡು ಗಾಯ ಆಳ ಇಲ್ಲ. ಚಾಕು ನಿಂತಿಲ್ಲ, ತಿರುಗಿದೆ. ಪ್ರಾಣ ಹೋದದ್ದು ಕುತ್ತಿಗೆಯದಕ್ಕೆ. ಅದು ಚುಚ್ಚಿದ್ದಲ್ಲ, ಎಳೆದದ್ದು.” ಇಕ್ಕಳದಿಂದ ಹಿಡಿಯ ಸಂದಿಯನ್ನು ತೋರಿಸಿದರು. “ಇಲ್ಲಿ ನೋಡಿ. ಚರ್ಮದ ಚೂರು. ಬೆರಳಿನದು.”

“ಸತ್ತವರದು ಇರಬೇಕು. ತಡದಿರ್ತಾರ.”

“ಅವರ ಎರಡೂ ಕೈ ನೋಡಿದೆ. ಒಂದು ಗೀರಿಲ್ಲ. ಇದು ಚಾಕು ಹಿಡಿದವನದು. ಬೆರಳುಗಳು ಒಳಮೈಗೆ ಅಡ್ಡ ಕೊಯ್ದಿರಬೇಕು, ಎಲುಬಿನತನಕ. ಯಾರನ್ನೋ ಹಿಡಿದಿದ್ದೀರಂತಲ್ಲ. ಅವನ ಕೈ ನೋಡಿದಿರಾ?”

ರುದ್ರಮುನಿ ಟೋಪಿ ಎತ್ತಿಕೊಂಡು ಎದ್ದರು. ಆ ಕೈಯನ್ನು ಅವರಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಲ್ಲ.

ಠಾಣೆಗೆ ಹೋಗಿ, ಅಲ್ಲಿಂದ ತಿರುಗಿ ಆಸ್ಪತ್ರೆಗೆ ಜೀಪನ್ನು ಅವರೇ ಓಡಿಸಿದರು. ಮಾನಪ್ಪ ಪಕ್ಕದಲ್ಲಿ, ಟವೆಲ್ಲು ಸುತ್ತಿದ ಕೈಯನ್ನು ಎದೆಗವಚಿಕೊಂಡು ಕೂತಿದ್ದ. ಎಕ್ಸ್‌ರೇ ತೆಗೆದವರು ಹೇಳಿದರು: ತೋರುಬೆರಳು, ನಡುಬೆರಳು ಬುಡದಲ್ಲಿ ಮುರಿದಿವೆ, ಗೆಣ್ಣೊಂದು ಪುಡಿಯಾಗಿದೆ. ಎಲುಬು ಕೂಡುತ್ತದೆ, ಬೆರಳು ಮೊದಲಿನಂತೆ ಮಡಚುವುದು ಅನುಮಾನ. ಪ್ಲಾಸ್ಟರಿಗೆ ಪಾಳಿ ಕಾಯುತ್ತ ಬೆಂಚಿನ ಮೇಲೆ ಕೂತಾಗ ರುದ್ರಮುನಿ ಕೇಳಿದರು:

“ಆ ಚಾಕು ಯಾರ ಸಲುವಾಗಿ ಮಾಡಿದ್ರಿ?”

ಬಹುವಚನ ತಾನಾಗಿ ಬಂದಿತ್ತು. ಮಾನಪ್ಪ ಅವರ ಕಡೆ ನೋಡಲಿಲ್ಲ.

“ಇದನ್ನ ಮಧ್ಯಾಹ್ನ ಕೇಳಬೇಕಾಗಿತ್ತು.”

“ಹೂಂ.”

ಮಾನಪ್ಪ ಟವೆಲ್ಲಿನ ಸುತ್ತು ಸಡಿಲಿಸಿಕೊಂಡ. ಆಮೇಲೆ ತಾನೇ ಮಾತಾಡಿದ.

“ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ ಯಾವನೋ. ಹೆಸರು ಮಾಸ್ತರು ಹೇಳ್ತಿದ್ದಿಲ್ಲ, ಮಂದಿ ಮನಿ ಮಾತು ಹೊರಗ ಹೋಗಬಾರದಂತ. ಅಪ್ಪನ ಚಾಕು ಕಳಕೊಂಡಾನಂತ. ಅಪ್ಪಗ ಕಣ್ಣಿಲ್ಲ, ಹಾಸಿಗಿ ಹಿಡದಾನ. ಮಾಸ್ತರು ಮೂರು ವರ್ಷದ ಹಿಂದ ಆ ಚಾಕು ಅಳತಿ ತಗೊಂಡಿದ್ರು. ಅದರಂಗಽ ಒಂದು ಮಾಡಿಕೊಡ್ರಿ, ಮುದುಕ ಮುಟ್ಟಿ ನೋಡ್ತಾನ, ಅವಗ ಗೊತ್ತಾಗಬಾರದು ಅಂದಾನ. ನಾ ಮಾಸ್ತರಿಗೆ ಹೇಳಿದೆ, ಇದೊಂದಕ್ಕ ಹೆಸರು ಬ್ಯಾಡ, ಕುರುಡನ ಹೆಬ್ಬೆರಳು ಅಕ್ಷರ ಬಿಡಾಂಗಿಲ್ಲ ಅಂತ. ಸಾಯೋ ಮನುಷ್ಯಾಗ ಸುಳ್ಳು ಹೇಳಾಕ ನನ್ನ ಕೈಲೆ ಆಗಾಂಗಿಲ್ಲ ಅಂದ್ರು. ನಂಗ ಸಿಟ್ಟು ಬಂತು. ಎರಡು ತಿಂಗಳು ಬಡದಿದ್ದೆ. ಬಾಯಿಗೆ ಬಂದದ್ದು ಅಂದೆ. ಆದ್ರೂ ಅವತ್ತಽ ಕೊರದು ಕೊಟ್ಟೆ.”

“ಯಾಕ ಕೊಟ್ರಿ?”

“ಅವರು ಹೇಳಿದ್ದು ಖರೇ ಇತ್ತಲ್ಲ.”

ಅದೇ ಸಂಜೆ ಒಬ್ಬ ಪೇದೆಯನ್ನು ಹಾವೇರಿಗೆ ಅಟ್ಟಿ ಮಾಸ್ತರ ಹಳೇ ಡೈರಿಗಳನ್ನು ತರಿಸಿದರು. 2003ರ ಡೈರಿಯಲ್ಲಿ ಆ ಚಾಕುವಿನ ಚಿತ್ರ ಸಿಕ್ಕಿತು. ಅಲಗಿನ ದಪ್ಪ ಮೂರು ಕಡೆ, ಮೊಳೆಯ ಓರೆ, ಹಿಡಿಯಲ್ಲಿ ಹೆಬ್ಬೆರಳು ಸವೆಸಿದ ತಗ್ಗು ಕೂಡ ಬರೆದಿದ್ದರು. ಕೆಳಗೆ ‘ಬ್ಯಾಡಗಿ’ ಎಂದಷ್ಟೇ ಇತ್ತು. ಮಾಸ್ತರು ಸತ್ತ ಮೇಲೂ ಮಂದಿ ಮನೆಯ ಮಾತು ಹೊರಗೆ ಬಿಡಲಿಲ್ಲ.

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ಆಸ್ಪತ್ರೆಗಳನ್ನು ಫೋನಿನಲ್ಲಿ ವಿಚಾರಿಸಿದ್ದಾಯಿತು. ಮಂಗಳವಾರದಿಂದ ಈಚೆಗೆ ಬೆರಳಿಗೆ ಹೊಲಿಗೆ ಹಾಕಿಸಿಕೊಂಡವರು ಯಾರೂ ಇರಲಿಲ್ಲ. ಮೆಣಸಿನಕಾಯಿ ವ್ಯಾಪಾರಿಗಳೋ, ನೂರಾರು. ಕುರುಡ ಅಪ್ಪ ಯಾರಿಗಿದ್ದಾನೆ ಎಂದು ಪೇಟೆಯಲ್ಲಿ ಕೇಳುತ್ತ ಹೋದರೆ ಸುದ್ದಿ ಮೊದಲು ಮುಟ್ಟುವುದು ಅವನಿಗೇ. ರಾತ್ರೋರಾತ್ರಿ ರೈಲು ಹತ್ತಿಬಿಡುತ್ತಾನೆ.

ಆರೂವರೆಗೆ ಮೆಹಬೂಬಿ ಹೇಳಿಕೆಗೆಂದು ಠಾಣೆಗೆ ಬಂದಳು. ಜೊತೆಗೆ ಅತ್ತೆ ಮಹಮೂದಾಬೇಗಂ ಬಂದಿದ್ದಳು, ಪೊಲೀಸರ ಬಳಿ ಸೊಸೆಯನ್ನು ಒಬ್ಬಳನ್ನೇ ಕಳಿಸಬಾರದೆಂದು. ಹೇಳಿಕೆ ಬರೆಯುತ್ತಿದ್ದ ಅಂದಾನೆಪ್ಪ ಬೆರಳು ಕೊಯ್ದುಕೊಂಡವನ ಮಾತು ತೆಗೆದ. ಮುದುಕಿ ಫಕ್ಕನೆ ನಕ್ಕಳು.

“ಬೆರಳು ಕೊಯ್ಕೊಂಡಾಂವ ಬ್ಯಾಡಗ್ಯಾಗ ಅಡಗಾಕ ಆಕ್ಕೈತೇನ್ರೀ ಹವಾಲ್ದಾರಽ? ನಾಳಿ ಟೆಂಡರ್ ಐತಲ್ಲ?”

“ಏನಂದಿ?” ರುದ್ರಮುನಿ ತಲೆಯೆತ್ತಿದರು.

“ಕೂದಲದಷ್ಟು ಗೀರಾದ್ರ ನಾವು ಮೂರು ದಿನ ಕೆಲಸಾ ಬಿಡ್ತೇವಿ ಸಾಬ್. ಕಾಯಿ ಮುಟ್ಟಾಕ ಆಗಾಂಗಿಲ್ಲ, ಜೀವ ಹೋಗ್ತೈತಿ. ವ್ಯಾಪಾರಿ ಕೈಯೇನು ಕಬ್ಬಣದ್ದೇ? ಮಾಲು ತಗೊಳ್ಳಾಂವ ರಾಶ್ಯಾಗ ಕೈ ಹಾಕಾಕಽ ಬೇಕು. ಯಾಂವ ಹಾಕಾಂಗಿಲ್ಲ, ಅವನ್ನ ಹಿಡೀರಿ. ಇಷ್ಟು ಓದಿ ಏನ್ ಮಾಡಿದ್ರಿ ನೀವು?”

ಮೆಹಬೂಬಿ ಅತ್ತೆಯ ಸೆರಗು ಜಗ್ಗಿದಳು. ರುದ್ರಮುನಿಗೆ ಸಿಟ್ಟು ಬರಲಿಲ್ಲ. ಬರಬೇಕಾದ ಜಾಗ ಖಾಲಿಯಾಗಿತ್ತು.

ಫೆಬ್ರುವರಿ 9, ಗುರುವಾರ. ಬೆಳಿಗ್ಗೆ ಹತ್ತಕ್ಕೆ ರುದ್ರಮುನಿ ಮತ್ತು ಅಂದಾನೆಪ್ಪ ಸಾದಾ ಬಟ್ಟೆಯಲ್ಲಿ ಮಾರುಕಟ್ಟೆ ಹೊಕ್ಕರು. ಕಣ್ಣು ಹಾಯುವತನಕ ಕೆಂಪು ರಾಶಿ. ಹಮಾಲರು ಕೆಮ್ಮುತ್ತ ಚೀಲ ಸುರಿಯುತ್ತಿದ್ದರು. ವ್ಯಾಪಾರಿಗಳು ರಾಶಿಯಿಂದ ರಾಶಿಗೆ ನಡೆಯುತ್ತ ಮೊಣಕೈತನಕ ಕೈ ತೂರಿಸುವರು, ತಳದ ಕಾಯಿ ಎಳೆದು ಮುಷ್ಟಿಯಲ್ಲಿ ಅದುಮುವರು, ತೇವ ಎಷ್ಟಿದೆ ನೋಡುವರು, ಮುರಿದು ಬೀಜ ನೋಡುವರು, ಮೂಸುವರು, ಚೀಟಿಯ ಮೇಲೆ ದರ ಬರೆಯುವರು. ನೂರಾರು ಬಲಗೈಗಳು ಒಳಹೋಗುತ್ತಿದ್ದವು, ಹೊರಬರುತ್ತಿದ್ದವು. ರುದ್ರಮುನಿ ಮುಖ ನೋಡದೆ ಕೈಗಳನ್ನಷ್ಟೇ ನೋಡುತ್ತ ಹೋದರು. ನಿನ್ನೆ ಒಂದು ಕೈಯನ್ನು ನೋಡದೇ ಇದ್ದದ್ದಕ್ಕೆ ಇವತ್ತು ಊರ ಕೈಗಳನ್ನೆಲ್ಲ ಎಣಿಸುವ ಶಿಕ್ಷೆ.

11-35ಕ್ಕೆ ಏಳನೇ ಸಾಲಿನಲ್ಲಿ ಅಂದಾನೆಪ್ಪ ಅವರ ಮೊಣಕೈ ಮುಟ್ಟಿದ.

ಮೂವತ್ತೈದರ ಆಸುಪಾಸಿನ ಒಬ್ಬ ವ್ಯಾಪಾರಿ ರಾಶಿಯ ಎದುರು ನಿಂತಿದ್ದ. ಬಲಗೈ ಪ್ಯಾಂಟಿನ ಕಿಸೆಯಲ್ಲಿತ್ತು. ಅವನ ಗುಮಾಸ್ತ ಕಾಯಿ ತೆಗೆದು, ಮುರಿದು, ಅವನ ಮುಖದ ಮುಂದೆ ಹಿಡಿಯುತ್ತಿದ್ದ. ರಾಶಿಯ ರೈತ ನಗುತ್ತ ಅಂದ:

“ಏನ್ರೀ ಮಾಂತೇಶಣ್ಣಾರ, ಇವತ್ತು ಲಗ್ನದ ಗಂಡಿನಂಗ ನಿಂತೀರಿ? ಕೈಗೆ ಮೆಹಂದಿ ಹಚ್ಕೊಂಡೀರೇನು?”

“ಜ್ವರ ಬಂದೈತಿ,” ಎಂದ ಅವನು.

ರುದ್ರಮುನಿ ರಾಶಿಯ ಈಚೆ ಬಂದು ನಿಂತರು. “ಮಾಲು ಹೆಂಗೈತ್ರಿ?”

“ಛಲೋ ಐತಿ.”

“ಮುಟ್ಟದಽ ಹೆಂಗ ಹೇಳ್ತೀರಿ?”

ಸಣ್ಣ ಊರು. ಸಾದಾ ಬಟ್ಟೆಯಲ್ಲಿದ್ದರೂ ಸಬ್ ಇನ್‌ಸ್ಪೆಕ್ಟರನ ಗುರುತು ಸಿಗಲು ಎಷ್ಟು ಹೊತ್ತು? ಅವನು ರುದ್ರಮುನಿಯ ಮುಖ ನೋಡಿದ, ಅಂದಾನೆಪ್ಪನನ್ನು ನೋಡಿದ. ಓಡಲಿಲ್ಲ. ಸುತ್ತ ನಿಂತವರೆಲ್ಲ ಅವನ ಅಪ್ಪನ ಕಾಲದ ಮಂದಿ, ಅವರೂ ಈಗ ಅವನ ಕೈಯನ್ನೇ ನೋಡುತ್ತಿದ್ದರು. ನಿಧಾನವಾಗಿ ಬಲಗೈ ಹೊರತೆಗೆದ. ಬೆರಳುಗಳಿಗೆ ಹಳೇ ಧೋತರದ ಬಟ್ಟೆ ಸುತ್ತಿತ್ತು. ಎಡಗೈಯಿಂದ ಅದನ್ನು ಬಿಚ್ಚಿ ಒಗೆದು, ಬಗ್ಗಿ, ರಾಶಿಯೊಳಗೆ ಮಣಿಕಟ್ಟಿನತನಕ ಕೈ ತೂರಿಸಿದ.

ಒಂದು ಶಬ್ದ ಮಾಡಲಿಲ್ಲ. ಕಣ್ಣಿಂದ ದಳದಳ ನೀರು ಇಳಿಯಿತು, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. “ಛಲೋ ಐತಿ,” ಎಂದು ಇನ್ನೊಮ್ಮೆ ಹೇಳಿದ. ಕೈ ಮಾತ್ರ ಹೊರಗೆ ತೆಗೆಯಲೊಲ್ಲ. ಕಡೆಗೆ ರುದ್ರಮುನಿಯೇ ಅವನ ಮಣಿಕಟ್ಟು ಹಿಡಿದು ಎಳೆದರು. ಮೂರು ಬೆರಳಿನ ಒಳಮೈಗೆ ಅಡ್ಡಕ್ಕೆ ಒಂದೇ ಸಾಲಿನ ಗಾಯ, ಬಾಯಿ ಬಿಟ್ಟು ಕೂತಿತ್ತು.

“ನೀರು ತಾ,” ಎಂದರು ಅಂದಾನೆಪ್ಪನಿಗೆ. “ಬ್ಯಾಡ, ನೀರಿಗೆ ಇನ್ನೂ ಉರೀತೈತಿ. ಎಣ್ಣಿ ತಾ. ಲಗೂ!”

ಹೆಸರು ವಿಜಯಮಹಾಂತೇಶ, ತಂದೆ ಸಿದ್ದಲಿಂಗಪ್ಪ, ವಯಸ್ಸು 36, ಮೆಣಸಿನಕಾಯಿ ವ್ಯಾಪಾರ. ಸ್ಥಳದಲ್ಲೇ ಇಬ್ಬರು ಪಂಚರ ಸಮಕ್ಷಮ ಕೈಗಾಯದ ಪಂಚನಾಮೆ ಆಯಿತು. 12-10ಕ್ಕೆ ದಸ್ತಗಿರಿ. ಅವನು ತೋರಿಸಿದಂತೆ ಅಂಗಡಿಯ ಅಟ್ಟದ ಮೇಲಿಂದ ರಕ್ತದ ಅಂಗಿ ಸಿಕ್ಕಿತು. ಹೇಳಿಕೆ ಬರೆಸುವಾಗ ಯಾರೂ ಅವನನ್ನು ಮುಟ್ಟಲಿಲ್ಲ. ಲಾಠಿಯನ್ನು ಅಂದಾನೆಪ್ಪ ಮುಂಜಾನೆಯೇ ಹೊರಗಿನ ಕೋಣೆಗೆ ಸಾಗಿಸಿದ್ದ. ಸಾಹೇಬರು ಅದನ್ನು ಕೇಳಲೂ ಇಲ್ಲ.

“ಚಾಕು ಹೆಂಗ ಕಳೀತು?”

“ರಾಣೆಬೆನ್ನೂರ ಬಸ್ಸಿನ್ಯಾಗ. ನಿಂತಿದ್ದೆ. ಇಳದು ನೋಡಿದ್ರ ಕಿಸೆ ಖಾಲಿ.”

“ಅಪ್ಪಗ ಖರೇ ಹೇಳಬೇಕಿತ್ತು.”

ಮಹಾಂತೇಶ ಎಣ್ಣೆ ಹಚ್ಚಿದ ಬೆರಳುಗಳನ್ನು ನೋಡಿಕೊಂಡ.

“ನಮ್ಮ ಮನ್ಯಾಗ ಹಂಗಾಮಿನ ಮೊದಲನೇ ಚೀಲದ ಹೊಲಿಗಿ ಆ ಚಾಕುಲೇ ಬಿಚ್ಚೋದು. ನಾಕು ತಲಿಮಾರು ಆತು. ನಮ್ಮಪ್ಪ ಹುಟ್ಟಿದಾಗಿಂದ ನನ್ನ ಕೈಗೆ ಏನೂ ಕೊಟ್ಟಾವಲ್ಲ. ತಿಜೋರಿ ಕೀಲಿ ಇಲ್ಲ, ತಕ್ಕಡಿ ಇಲ್ಲ. ಇವನ ಕೈಗೆ ಕೊಟ್ಟದ್ದು ಉಳ್ಯಾಂಗಿಲ್ಲ ಅಂತ ಮಂದ್ಯಾಗ ಅಂತಿದ್ದ. ಕಣ್ಣು ಪೂರ್ತಿ ಹೋದಮ್ಯಾಲ ಹೋದ ದೀಪಾವಳಿಗೆ ಕರದು ಚಾಕು ಕೊಟ್ಟ. ಇನ್ನ ನೀನಽ ಬಿಚ್ಚಪಾ ಅಂದ. ಎಂಟು ದಿನದಾಗ ಕಳದೆ.”

“ಬೈದಾರೇನು?”

“ಗೊತ್ತಽ ಇಲ್ಲ ಅವಗ. ಸಾಣಿ ಹಿಡ್ಯಾಕ ಕೊಟ್ಟೇನಿ ಅಂದೆ. ಬಂತೇನು ಅಂತ ದಿನಾ ಸಂಜಿಕ ಕೇಳ್ತಾನ. ಮೂರು ತಿಂಗಳಿಂದ ದಿನಾ. ಡಾಕ್ಟರು ಈ ವಾರ ದಾಟಾಂಗಿಲ್ಲ ಅಂದಾರ.”

“ಮಾಸ್ತರು ಏನಂದ್ರು?”

“ಮನ್ಯಾಗ ಬ್ಯಾಡಂತ ವಖಾರಕ್ಕ ಕರದಿದ್ದೆ, ಅಲ್ಲೇ ಚಾಕು ಕೊಟ್ರು. ಹುಬೇಹೂಬ ಹಳೇದರಂಗಽ ಇತ್ತು ಸಾಹೇಬ್ರ, ಹಿಡದ ಕೂಡ್ಲೆ ಅಳು ಬಂತು. ಹೆಬ್ಬೆರಳು ಆಡಿಸಿದ್ರ ಬುಡದಾಗ ಅಕ್ಷರ ತಾಗಿದ್ವು. ಅರಾ ಹಾಕಿ ಅಳಸ್ತೇನಿ ಅಂದೆ. ಅಳಿಸಿದ್ರ ನಾನಽ ಬಂದು ನಿಮ್ಮಪ್ಪಗ ಹೇಳ್ತೇನಿ, ಇದು ನಕಲು ಅಂತ, ಅಂದ್ರು. ಕಾಲು ಹಿಡದೆ. ಕಾಲು ಹಿಂದಕ್ಕ ತಗೊಂಡ್ರು.”

ಮುಂದಿನದನ್ನು ಚಾಕು ಆಗಲೇ ಹೇಳಿತ್ತು. ಮಡಚಿ ಬೆರಳು ಕೊಯ್ದಾಗ ಕೈ ಬಿಟ್ಟಿದ್ದರೆ ಮಾಸ್ತರು ಉಳಿಯುತ್ತಿದ್ದರು. ಬಿಡಲಿಲ್ಲ. ತನ್ನ ರಕ್ತ ಕಂಡು ಹುಚ್ಚು ಇನ್ನೂ ಹೆಚ್ಚಾಯಿತು ಎಂದು ಅವನೇ ಬರೆಸಿದ.

ದಸ್ತಗಿರಿಯ ಸುದ್ದಿಯನ್ನು ಮನೆಯವರಿಗೆ ಲಿಖಿತವಾಗಿ ಮುಟ್ಟಿಸಬೇಕು. ಪೇದೆಯ ಕೈಯಲ್ಲಿ ಕಳಿಸಬಹುದಿತ್ತು. ರುದ್ರಮುನಿ ತಾವೇ ಹೋದರು. ಮಹಾಂತೇಶನ ಹೆಂಡತಿ ಶ್ರೀದೇವಿಗೆ ಪೇಟೆಯಿಂದ ಸುದ್ದಿ ಮೊದಲೇ ಬಂದಿತ್ತು. ಅತ್ತು ಮುಗಿಸಿದ್ದಳು. ತುಟಿಯ ಮೇಲೆ ಬೆರಳಿಟ್ಟು ಒಳಕೋಣೆ ತೋರಿಸಿ, ಕಾಗದದ ಮೇಲೆ ಸಹಿ ಮಾಡಿದಳು.

ಬೂಟಿನ ಸಪ್ಪಳಕ್ಕೆ ಒಳಗಿಂದ ದನಿ ಬಂತು.

“ಯಾರದು? ಸಾಣಿಯಾಂವೇನು? ಚಾಕು ಬಂತೇನಬೇ?”

“ಇಲ್ರೀ ಮಾವಾರ. ನಾಳಿ ಬರ್ತೈತಂತ.”

“ನಾಳಿ,” ಎಂದಿತು ದನಿ. “ಮಾಂತೇಶಗ ಹೇಳು, ಅವಸರ ಮಾಡಬ್ಯಾಡಂತ. ಛಲೋತ್ನಂಗ ಸಾಣಿ ಹಿಡಸ್ಲಿ.”

ರುದ್ರಮುನಿ ಬೂಟು ಸಪ್ಪಳವಾಗದಂತೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬಂದರು. ಸಿದ್ದಲಿಂಗಪ್ಪ ಶನಿವಾರ ತೀರಿಕೊಂಡ. ಮಗ ಬಂದು ಮಣ್ಣು ಕೊಡಲು ನ್ಯಾಯಾಲಯದ ಅನುಮತಿ ಬರುವಷ್ಟರಲ್ಲಿ ಮಣ್ಣಾಗಿತ್ತು.

ಅದಕ್ಕೂ ಒಂದು ದಿನ ಮೊದಲು, ಫೆಬ್ರುವರಿ 10ರ ಶುಕ್ರವಾರ, ಮಾನಪ್ಪನನ್ನು ಠಾಣೆಗೆ ಕರೆಸಿದರು. ಕೊಲೆಯಲ್ಲಿ ಅವನ ಪಾತ್ರವಿಲ್ಲವೆಂದು ನ್ಯಾಯಾಲಯಕ್ಕೆ ವರದಿ ಹೋಗಿತ್ತು. ಮುಂದೆ ಸಾಕ್ಷಿಗೆ ಹಾಜರಾಗುವ ಮುಚ್ಚಳಿಕೆಯೊಂದು ಉಳಿದಿತ್ತು. ಅಂದಾನೆಪ್ಪ ಬರೆದು, ಓದಿ ಹೇಳಿ, ಪೆನ್ನು ಮುಂದಿಟ್ಟ. ಇಟ್ಟ ಮೇಲೆ ಅವನಿಗೇ ನಾಚಿಕೆಯಾಯಿತು. ಮಾನಪ್ಪನ ಬಲಗೈ ಮೊಣಕೈತನಕ ಪ್ಲಾಸ್ಟರಿನಲ್ಲಿತ್ತು.

ಅಂದಾನೆಪ್ಪ ಮಸಿಪೆಟ್ಟಿಗೆ ಹುಡುಕಿ ತಂದ. ಉಕ್ಕಿನ ಮೇಲೆ ಅಕ್ಷರ ಕೊರೆಯುತ್ತಿದ್ದ ಮನುಷ್ಯ ಎಡಗೈ ಹೆಬ್ಬೆಟ್ಟು ಅದ್ದಿ ಒತ್ತಿದ. ಅದರ ಪಕ್ಕದಲ್ಲಿ ಅಂದಾನೆಪ್ಪ ‘ಮಾನಪ್ಪ ಕಮ್ಮಾರ, ಹೆಬ್ಬೆಟ್ಟಿನ ಗುರುತು’ ಎಂದು ಬರೆದ.

ರುದ್ರಮುನಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಆಡಬೇಕಾದ ಮಾತೊಂದು ಎರಡು ದಿನದಿಂದ ಬಾಕಿ ಉಳಿದಿತ್ತು. ಜೀವಮಾನದಲ್ಲಿ ಎಂದೂ ಆಡದ ಮಾತು. ಬಾಯಿ ತೆರೆದಾಗ ಬೇರೆಯದೇ ಬಂತು.

“ನನ್ನ ಮ್ಯಾಲ ಅರ್ಜಿ ಕೊಡ್ರಿ. ನಾ ಬ್ಯಾಡನ್ನಾಂಗಿಲ್ಲ. ಆದದ್ದು ಆದಂಗ ಬರದು ಎಸ್ಪಿ ಸಾಹೇಬ್ರಿಗೆ ಕೊಡ್ರಿ.”

ಮಾನಪ್ಪ ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ರುದ್ರಮುನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟಿನ ಭಾಷೆ ಅವರಿಗೆ ಬರುತ್ತಿತ್ತು.

“ಯಾವ ಕೈಲೆ ಬರೀಲ್ರಿ?” ಎಂದ.

ಹೆಬ್ಬೆರಳಿನ ಮಸಿಯನ್ನು ಟವೆಲ್ಲಿಗೆ ಒರೆಸಿಕೊಂಡು ಎದ್ದ. ಅಂದಾನೆಪ್ಪ “ಚಹಾ ತರಿಸೇನಿ, ಕುಂದ್ರಪಾ,” ಎಂದ. ಅವನು ನಿಲ್ಲಲಿಲ್ಲ. ಕಟ್ಟೆ ಇಳಿದು, ಗೇಟು ದಾಟಿ, ಮೆಣಸಿನಕಾಯಿ ಲಾರಿಗಳ ನಡುವೆ ರಾಣೆಬೆನ್ನೂರು ರಸ್ತೆಯ ಕಡೆ ನಡೆದ. ರುದ್ರಮುನಿ ಬಾಗಿಲತನಕ ಬಂದು ನಿಂತರು. ಕರೆದರೆ ಕೇಳಿಸುವಷ್ಟು ದೂರದಲ್ಲಿ ಅವನು ಬಹಳ ಹೊತ್ತು ಕಾಣುತ್ತಿದ್ದ. ಅವರು ಕರೆಯಲಿಲ್ಲ.

ಕೇಸು ವಿಚಾರಣೆಗೆ ಬಂದಾಗ ಹಲಗೇರಿಗೆ ಮೂರು ಸಲ ಸಮನ್ಸು ಹೋಯಿತು. ಮೂರನೆಯದರ ಬೆನ್ನಿಗೆ ಪೇದೆ ಬರೆದ ಷರಾ ಇನ್ನೂ ಕಡತದಲ್ಲಿದೆ: ‘ಸದರಿ ಸಾಕ್ಷಿದಾರನು ದಿನಾಂಕ 10-2-2006ರಂದು ಬ್ಯಾಡಗಿಗೆ ಹೋಗಿ ಬರುವುದಾಗಿ ಮನೆಯಲ್ಲಿ ಹೇಳಿ ಹೋದವನು ತಿರುಗಿ ಬಂದಿರುವುದಿಲ್ಲ.’